ಮರೆವಿಗೆ ಬಡಿತ ಮದ್ದಲ್ಲ



ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಅಂದೋಲಾದಲ್ಲಿ ನಸುಕಿಗೇ ಮನೆಗಳು ಖಾಲಿ. ಹೊಲಕ್ಕೆ ಹೊರಡುವ ಅವಸರದಲ್ಲಿ ಮೂರನೇ ತರಗತಿಯ ಮಗನಿಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ: ರೊಟ್ಟಿ ತಿನ್ನು, ಆಡಿಗೆ ನೀರಿಡು, ಕದಕ್ಕೆ ಕೀಲಿ ಹಾಕು, ಕೀಲಿ ಅಜ್ಜಿಗೆ ಕೊಡು, ಪಾಟಿಚೀಲ ಮರೀಬ್ಯಾಡ. ಸಂಜೆ ಬಂದರೆ ಆಗಿರುತ್ತಿದ್ದುದು ಎರಡೇ. ‘ಲಕ್ಷ್ಯನೇ ಇಲ್ಲ’ ಎಂದು ಬಡಿದದ್ದೂ ಉಂಟು. ತಪ್ಪು ನನ್ನದು. ಎಂಟು ವರ್ಷದ ಮಗು ಅಷ್ಟೊಂದು ಮಾತನ್ನು ಒಮ್ಮೆಲೇ ಹಿಡಿದಿಟ್ಟುಕೊಳ್ಳುವುದು ಕಷ್ಟ. ಹೆದರಿದರೆ ನೆನಪಿದ್ದದ್ದೂ ಜಾರುತ್ತದೆ.

ಈಗ ಗೋಡೆಯ ಮೇಲೆ ಅವನೇ ಇದ್ದಿಲಿನಿಂದ ಆಡು, ಕೀಲಿ, ಚೀಲದ ಚಿತ್ರ ಬರೆದಿದ್ದಾನೆ. ಚೀಲಕ್ಕೆ ಬಾಗಿಲ ಹಿಂದೆ ಒಂದೇ ಗೂಟ. ಕೆಲಸ ಹೇಳಿದ ಮೇಲೆ ‘ಏನು ಹೇಳಿದೆ?’ ಎಂದು ಅವನ ಬಾಯಿಂದಲೇ ಕೇಳುತ್ತೇನೆ. ಬಹಳ ಸುಧಾರಿಸಿದ್ದಾನೆ.

ಎಲ್ಲ ಮರೆವೂ ಹೀಗಲ್ಲ. ರಕ್ತಹೀನತೆ, ನಿದ್ದೆಗೇಡು, ಮನೆಯೊಳಗಿನ ಜಗಳ ಮಗುವಿನ ಗಮನವನ್ನು ಕದಡುತ್ತವೆ. ಕಿವಿ ಮಂದವಿರುವ ಮಗುವನ್ನೂ ನಾವು ಮರೆಗುಳಿ ಎನ್ನುತ್ತೇವೆ. ಪಾಪ, ಅದಕ್ಕೆ ನಮ್ಮ ಮಾತು ಕೇಳಿಸಿಯೇ ಇರುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ ಉಚಿತ. ತಪಾಸಣೆಯ ತಂಡ ಶಾಲೆಗೆ ಬಂದ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ. ಕಲಿತದ್ದನ್ನೇ ಮರೆಯತೊಡಗಿದರೆ, ಮಾತಿನ ನಡುವೆ ಕಣ್ಣು ನೆಟ್ಟು ಕ್ಷಣಕಾಲ ಸ್ತಬ್ಧವಾದರೆ ತಾಯತ ಕಟ್ಟಿಸುತ್ತ ಕೂರದೆ ವೈದ್ಯರಿಗೆ ತೋರಿಸಿ. ಹಾಗೆ ಸ್ತಬ್ಧವಾಗುವುದು ಮೂರ್ಛೆರೋಗದ ಒಂದು ಬಗೆಯೂ ಆಗಿರಬಹುದು.

ಪಾಲಕರ ಸಭೆಗಳಲ್ಲಿ ಅಂಕಗಳ ಜೊತೆ ಮಕ್ಕಳ ಮರೆವಿನ ಮಾತನ್ನೂ ಎತ್ತಬೇಕೆಂದು ಜೇವರ್ಗಿ ತಾಲ್ಲೂಕಿನ ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ.

– ಒಬ್ಬ ತಾಯಿ, ಅಂದೋಲಾ