ಒಬ್ಬನೇ ಗಿರಾಕಿಗೆ ಇನ್ನೆಷ್ಟು ದಿನ ಮಾರೋಣ?

ಕ್ಯಾಲ್ಗರಿ, ಎಡ್ಮಂಟನ್, ವ್ಯಾಂಕೂವರ್, ಸರ್ರೆಯ ಕನ್ನಡ ಬಂಧುಗಳಲ್ಲಿ ಮನವಿ



ಯುಗಾದಿಯ ಊಟದ ಸಾಲಿನಲ್ಲಿ ಈ ಹಾಳೆ ಕೈಗೆ ಬಂದಿದ್ದರೆ ಮಡಿಸಿ ಜೇಬಿಗಿಡಬೇಡಿ, ಹೋಳಿಗೆ ಬರುವಷ್ಟರಲ್ಲಿ ಓದಿ ಮುಗಿಸಬಹುದು. ವಿಷಯ ಗ್ಯಾಸಿನದು. ಮೈನಸ್ ಮೂವತ್ತರ ಚಳಿಯಲ್ಲಿ ನಮ್ಮ ಮನೆಯ ಫರ್ನೇಸಿನಲ್ಲಿ ಉರಿಯುವ ನೈಸರ್ಗಿಕ ಅನಿಲದ್ದು. ನಮ್ಮಲ್ಲಿ ಎಷ್ಟೋ ಮಂದಿ ಕ್ಯಾಲ್ಗರಿಗೆ ಬಂದದ್ದೇ ಈ ಉದ್ಯಮದ ಕೆಲಸಕ್ಕೆ. ಆಲ್ಬರ್ಟಾದಲ್ಲಿ ಪ್ರಾಂತ್ಯದ ಮಾರಾಟ ತೆರಿಗೆ ಇಲ್ಲ ಎಂದು ಟೊರಾಂಟೊದ ನೆಂಟರ ಮುಂದೆ ಬೀಗುತ್ತೇವಲ್ಲ, ಅದರ ಹಿಂದಿರುವುದೂ ನೆಲದಡಿಯಿಂದ ಬರುವ ರಾಯಲ್ಟಿಯೇ. ಆದರೂ ಈ ಗ್ಯಾಸು ಯಾರಿಗೆ, ಯಾವ ದರಕ್ಕೆ ಹೋಗುತ್ತದೆ ಎಂದು ಕೇಳುವ ಗೋಜಿಗೆ ನಾವು ಹೋದವರಲ್ಲ.

ದಶಕಗಳ ಕಾಲ ಕೆನಡಾ ಹೊರಗೆ ಮಾರಿದ ಗ್ಯಾಸೆಲ್ಲ ಹೆಚ್ಚುಕಡಿಮೆ ಪೈಪಿನಲ್ಲಿ ಅಮೆರಿಕಕ್ಕೇ ಹೋಯಿತು. ಶಿರಸಿಯ ಅಡಿಕೆ ಬೆಳೆಗಾರನಿಗೆ ಕೊಳ್ಳುವವನು ಒಬ್ಬನೇ ಆದರೆ ದರ ಹೇಳುವವನು ಯಾರು? ಅದು ಸಾಲದೆಂಬಂತೆ ಆ ಕೊಳ್ಳುವವನೇ ಒಂದು ದಿನ ಸ್ವಂತ ತೋಟ ಹಾಕಿದ. ಪೆನ್ಸಿಲ್ವೇನಿಯಾ, ಟೆಕ್ಸಾಸ್‌ಗಳಲ್ಲಿ ಶೇಲ್ ಬಂಡೆ ಸೀಳಿ ಗ್ಯಾಸು ತೆಗೆಯತೊಡಗಿದರು. ಪರಿಣಾಮ ನೋಡಿ: ಆಲ್ಬರ್ಟಾ ಸರ್ಕಾರಕ್ಕೆ ಗ್ಯಾಸಿನಿಂದ ಬಂದ ರಾಯಲ್ಟಿ 2005-06ರಲ್ಲಿ 800 ಕೋಟಿ ಡಾಲರ್ ದಾಟಿತ್ತು. 2015-16ರಲ್ಲಿ 100 ಕೋಟಿಯೂ ಬರಲಿಲ್ಲ. ನೆಲದಡಿ ಗ್ಯಾಸು ಬೇಕಾದಷ್ಟಿತ್ತು, ಬೆಲೆ ಮಾತ್ರ ಬಿದ್ದುಹೋಗಿತ್ತು.

ಇಂದಿಗೂ ಅದೇ ಕತೆ. ಆಲ್ಬರ್ಟಾದ ಸಗಟು ದರ 2024ರಲ್ಲಿ ಸರಾಸರಿ ಗಿಗಾಜೂಲಿಗೆ 2 ಡಾಲರನ್ನೂ ಮುಟ್ಟಲಿಲ್ಲ, ಕೆಲವು ದಿನ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಹೆಚ್ಚುಕಡಿಮೆ ಅಷ್ಟೇ ಗ್ಯಾಸಿಗೆ ಜಪಾನ್, ಕೊರಿಯಾದವರು ಅದೇ ವರ್ಷ 10 ಅಮೆರಿಕನ್ ಡಾಲರಿಗಿಂತ ಹೆಚ್ಚು ತೆತ್ತರು. ಈ ಅಂತರವೆಲ್ಲ ಲಾಭವೆಂದು ಹೇಳಿದರೆ ಸುಳ್ಳಾದೀತು. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ, ಅಂದರೆ ಎಲ್‌ಎನ್‌ಜಿ, ಮಾಡಬೇಕು. ಆಗ ಅದು ಆರುನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಹಡಗಿಗೆ ತುಂಬಬಹುದು. ಇದಕ್ಕೆ ಸ್ಥಾವರ ಬೇಕು, ಬಂದರು ಬೇಕು, ರಾಕಿ ಪರ್ವತ ದಾಟುವ ಪೈಪ್ ಬೇಕು. ಬ್ರಿಟಿಷ್ ಕೊಲಂಬಿಯಾ ಕರಾವಳಿಯ ಕಿಟಿಮ್ಯಾಟ್‌ವರೆಗಿನ 670 ಕಿಲೋಮೀಟರ್ ಪೈಪಿನ ಖರ್ಚು 620 ಕೋಟಿ ಡಾಲರಿನ ಅಂದಾಜಿನಿಂದ 1,450 ಕೋಟಿಗೆ ಏರಿತು. ಅಷ್ಟಾದರೂ ಷೆಲ್, ಪೆಟ್ರೊನಾಸ್, ಪೆಟ್ರೊಚೈನಾ, ಮಿತ್ಸುಬಿಷಿ, ಕೊಗ್ಯಾಸ್ ಸೇರಿ ಅಲ್ಲಿ ಕಟ್ಟಿದ ಎಲ್‌ಎನ್‌ಜಿ ಕೆನಡಾ ಸ್ಥಾವರದಿಂದ 2025ರ ಜೂನ್ ಕೊನೆಗೆ ಮೊದಲ ಹಡಗು ಹೊರಟಿತು. ಇಲ್ಲಿಂದ ಜಪಾನಿಗೆ ಸುಮಾರು ಹತ್ತು ದಿನ. ಅಮೆರಿಕದ ಗಲ್ಫ್ ಕರಾವಳಿಯಿಂದ ಅದರ ಎರಡರಷ್ಟು, ಮೇಲೆ ಪನಾಮಾ ಕಾಲುವೆಯ ಸರದಿ. ಗ್ಯಾಸು ತಣಿಸುವ ಕೆಲಸಕ್ಕೆ ಇಲ್ಲಿನ ಚಳಿಯೂ ಅನುಕೂಲ. ಕೊನೆಗೂ ಈ ಚಳಿಯಿಂದ ಒಂದು ಉಪಕಾರ!

ತಡ ಮಾಡಿದ್ದಕ್ಕೆ ತೆತ್ತ ಬೆಲೆಯೂ ನೆನಪಿರಲಿ. ರಷ್ಯಾದ ಗ್ಯಾಸು ಕೈಕೊಟ್ಟ 2022ರ ಆಗಸ್ಟಿನಲ್ಲಿ ಜರ್ಮನಿಯ ಚಾನ್ಸಲರ್ ಒಲಾಫ್ ಶೋಲ್ಜ್ ಕೆನಡಾಕ್ಕೆ ಬಂದಾಗ, ಪೂರ್ವ ಕರಾವಳಿಯಿಂದ ಯುರೋಪಿಗೆ ಗ್ಯಾಸು ಕಳಿಸಲು ಬಲವಾದ ವ್ಯಾಪಾರಿ ಕಾರಣ ಕಂಡಿಲ್ಲ ಎಂದರು ಅಂದಿನ ಪ್ರಧಾನಿ ಟ್ರುಡೊ. ಪಶ್ಚಿಮದ ಗ್ಯಾಸನ್ನು ಅಲ್ಲಿಗೆ ಮುಟ್ಟಿಸುವುದು ಸುಲಭವಿರಲಿಲ್ಲ, ಒಪ್ಪೋಣ. ಆದರೆ ನವೆಂಬರ್ ಹೊತ್ತಿಗೆ ಕತಾರ್ ಜರ್ಮನಿಗೆ 15 ವರ್ಷ ಗ್ಯಾಸು ಕಳಿಸುವ ಒಪ್ಪಂದಕ್ಕೆ ಸಹಿ ಹಾಕಿತ್ತು. ಲೂಸಿಯಾನಾದ ಸಬೀನ್ ಪಾಸ್‌ನಿಂದ 2016ರಲ್ಲಷ್ಟೇ ಮೊದಲ ಹಡಗು ಕಳಿಸಿದ ಅಮೆರಿಕ 2023ಕ್ಕೆ ಜಗತ್ತಿನ ಅತಿ ದೊಡ್ಡ ಎಲ್‌ಎನ್‌ಜಿ ರಫ್ತುದಾರನಾಯಿತು.

ಊರಿನ ನಂಟೂ ಇದೆ. ಭಾರತ ತನಗೆ ಬೇಕಾದ ಗ್ಯಾಸಿನಲ್ಲಿ ಅರ್ಧದಷ್ಟನ್ನು ಹೊರಗಿನಿಂದ ತರಿಸುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪ್ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ಅದರಲ್ಲಿ ಹರಿಯುವುದು ಹಡಗಿನಲ್ಲಿ ಬಂದಿಳಿದ ಗ್ಯಾಸು. (ಸಿಲಿಂಡರಿನಲ್ಲಿ ಬರುವ ಎಲ್‌ಪಿಜಿ ಬೇರೆ, ಗೊಂದಲ ಬೇಡ.) ಮಾರುವವರು ಹೆಚ್ಚಿದಷ್ಟೂ ಅಲ್ಲಿನ ನಮ್ಮವರಿಗೆ ಚೌಕಾಸಿಗೆ ಜಾಗ ಸಿಗುತ್ತದೆ.

ರಫ್ತು ಹೆಚ್ಚಿದರೆ ನಮ್ಮ ಮನೆಯ ಬಿಲ್ಲು ಏರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆಸ್ಟ್ರೇಲಿಯಾದ ಪೂರ್ವ ಭಾಗದಲ್ಲಿ 2015ರಲ್ಲಿ ಗ್ಲಾಡ್‌ಸ್ಟನ್ ಬಂದರಿನಿಂದ ರಫ್ತು ಶುರುವಾದ ಮೇಲೆ ಸ್ಥಳೀಯ ದರ ಜಿಗಿದು ಕಾರ್ಖಾನೆಗಳು ಕಂಗಾಲಾದವು. ಅದೇ ದೇಶದ ಪಶ್ಚಿಮ ರಾಜ್ಯ ಮಾತ್ರ 2006ರಲ್ಲೇ ರಫ್ತು ಯೋಜನೆಗಳ ಗ್ಯಾಸಿನಲ್ಲಿ ನೂರಕ್ಕೆ 15ರಷ್ಟು ಸ್ಥಳೀಯ ಬಳಕೆಗೇ ಮೀಸಲು ಎಂದು ನಿಯಮ ಮಾಡಿತ್ತು. ನಮಗೆ ಬೇಕಾದದ್ದು ಆ ಪಶ್ಚಿಮದವರ ಬುದ್ಧಿ. ಮೀಥೇನ್ ಸೋರಿಕೆಯ ಮಾತೂ ಅಷ್ಟೇ: ಬಾವಿಯಿಂದ ಹಡಗಿನವರೆಗೆ ಗ್ಯಾಸು ಸೋರಿದರೆ ಕಲ್ಲಿದ್ದಲಿಗಿಂತ ಶುದ್ಧ ಎಂಬ ವಾದವೂ ಅದರ ಜೊತೆಗೇ ಸೋರಿಹೋಗುತ್ತದೆ. ಅಳತೆ, ತಪಾಸಣೆ, ದಂಡ ಕಟ್ಟುನಿಟ್ಟಾಗಿರಲಿ ಎಂದು ಮೊದಲು ಕೇಳಬೇಕಾದವರು ರಫ್ತಿನ ಪರ ನಿಂತ ನಾವೇ.

ಪೈಪ್ ಹಾದುಹೋಗುವ ನೆಲ ಮೂಲನಿವಾಸಿಗಳದ್ದು. 2020ರಲ್ಲಿ ಕಿಟಿಮ್ಯಾಟ್ ಪೈಪಿಗೆ ವೆಟ್‌ಸುವೆಟೆನ್ ಪಾರಂಪರಿಕ ಮುಖಂಡರು ಒಡ್ಡಿದ ವಿರೋಧದ ಬೆನ್ನಿಗೆ ದೇಶದ ರೈಲೇ ನಿಂತದ್ದನ್ನು ಕಂಡಿದ್ದೇವೆ. ಅದೇ ಕಿಟಿಮ್ಯಾಟ್‌ ಪಕ್ಕದಲ್ಲಿ ಹೈಸ್ಲಾ ಮೂಲನಿವಾಸಿಗಳು ಸೀಡರ್ ಎಲ್‌ಎನ್‌ಜಿ ಯೋಜನೆಯಲ್ಲಿ ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಪಾಲಿನ ಒಡೆಯರು. ಆ ದಾರಿ ಎಲ್ಲ ಯೋಜನೆಗಳಿಗೂ ಬರಲಿ.

ಇನ್ನು ನಮ್ಮ ಮುಖ್ಯ ಬೇಡಿಕೆ. 1976ರಲ್ಲಿ ಪ್ರೀಮಿಯರ್ ಪೀಟರ್ ಲಾಹೀಡ್ ಆಲ್ಬರ್ಟಾ ಹೆರಿಟೇಜ್ ನಿಧಿ ಕಟ್ಟಿದರು. ಶುರುವಿನಲ್ಲಿ ಎಣ್ಣೆ, ಗ್ಯಾಸಿನ ಆದಾಯದಲ್ಲಿ ನೂರಕ್ಕೆ 30ರಷ್ಟು ಅದಕ್ಕೆ ಹೋಗುತ್ತಿತ್ತು. 1987ರಲ್ಲಿ ಆ ಕಂತು ನಿಂತುಹೋಯಿತು. ನಾರ್ವೆ ತನ್ನ ನಿಧಿಗೆ ಮೊದಲ ಹಣ ಹಾಕಿದ್ದು 1996ರಲ್ಲಿ, ನಮಗಿಂತ ಇಪ್ಪತ್ತು ವರ್ಷ ತಡವಾಗಿ. ಇಂದು ಅವರದು ಒಂದೂವರೆ ಲಕ್ಷ ಕೋಟಿ ಅಮೆರಿಕನ್ ಡಾಲರಿಗಿಂತ ಹೆಚ್ಚು. ನಮ್ಮದು 3,000 ಕೋಟಿ ಕೆನಡಾ ಡಾಲರಿನ ಆಸುಪಾಸು. ದರ ಬಂದಾಗ ತಿಂದು, ದರ ಬಿದ್ದಾಗ ಶಾಲೆ-ಆಸ್ಪತ್ರೆಗಳ ಮೇಲೆ ಕತ್ತರಿ ಹಾಕುವ ಚಾಳಿ ಸಾಕು. ರಫ್ತಿನಿಂದ ಹೆಚ್ಚಾಗಿ ಬರುವ ರಾಯಲ್ಟಿಯಲ್ಲಿ ಒಂದು ನಿಗದಿತ ಪಾಲು ನಿಧಿಗೇ ಹೋಗಬೇಕು, ಯಾವ ಪಕ್ಷ ಬಂದರೂ ಕೈ ಹಾಕದಂತೆ ಅದಕ್ಕೆ ಕಾನೂನಿನ ಬೀಗ ಬೇಕು.

ಎಲ್‌ಎನ್‌ಜಿ ಕೆನಡಾದ ಎರಡನೇ ಹಂತ ಬಂದರೆ ವರ್ಷಕ್ಕೆ 1.4 ಕೋಟಿ ಟನ್ನಿನ ಸಾಮರ್ಥ್ಯ ಇಮ್ಮಡಿಯಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಒಟ್ಟಾವ ತನ್ನ ಆದ್ಯತೆಯ ಮೊದಲ ಐದು ಯೋಜನೆಗಳಲ್ಲಿ ಅದನ್ನು ಸೇರಿಸಿತು. ಪಟ್ಟಿಗೆ ಹೆಸರು ಸೇರಿಸಿದ ಮಾತ್ರಕ್ಕೆ ಪೈಪ್ ನೆಲಕ್ಕಿಳಿಯುವುದಿಲ್ಲ. ಆದ್ದರಿಂದ ಈ ವಾರವೇ ನಿಮ್ಮ ಸಂಸದರಿಗೂ ಎಂಎಲ್‌ಎಗೂ ಪತ್ರ ಹಾಕಿ: ರಫ್ತು ಸಾಮರ್ಥ್ಯ ಹೆಚ್ಚಿಸಿ, ಇಲ್ಲಿನ ಬಳಕೆಗೆ ಮೀಸಲು ಇಡಿ, ಸೋರಿಕೆ ತಡೆಯಿರಿ, ನಿಧಿಗೆ ಹಣ ಹಾಕಿ. ಪೌರತ್ವವಿಲ್ಲ, ಮತವಿಲ್ಲ ಎಂದು ಹಿಂಜರಿಯಬೇಡಿ. ಪಿಆರ್ ಕಾರ್ಡಿನವರೂ ಪತ್ರ ಬರೆಯಬಹುದು, ಯೋಜನೆಗಳ ಬಗ್ಗೆ ಸರ್ಕಾರ ಜನರ ಅಭಿಪ್ರಾಯ ಕೇಳಿದಾಗ ಹೇಳಬಹುದು. ಉದ್ಯಮದಲ್ಲೇ ಇರುವ ಎಂಜಿನಿಯರುಗಳು ತಮ್ಮ ಅನುಭವದ ಎರಡು ಸಾಲು ಸೇರಿಸಿದರೆ ಪತ್ರಕ್ಕೆ ತೂಕ ಬರುತ್ತದೆ. ಹೇಗೆ ಬರೆಯುವುದೆಂದು ತೋಚದ ಹಿರಿಯರು ಈ ಹಾಳೆ ಹಂಚುತ್ತಿರುವ ಹುಡುಗರನ್ನು ಹಿಡಿಯಿರಿ. ನೀವು ಕನ್ನಡದಲ್ಲಿ ಹೇಳಿ, ಅವರು ಇಂಗ್ಲಿಷಿನಲ್ಲಿ ಬರೆದುಕೊಡುತ್ತಾರೆ. ಸಹಿ ಮಾತ್ರ ನಿಮ್ಮದಿರಲಿ.

— ಕ್ಯಾಲ್ಗರಿಯ ಕೆಲವು ಕನ್ನಡಿಗರು