ಸೂಪರ್‌ಮ್ಯಾನ್‌ನನ್ನು ಅಳೆಯಬೇಕಾದದ್ದು ಕನ್ನಡಕದಿಂದ

ಸೂಪರ್‌ಮ್ಯಾನ್ ಪಾತ್ರಧಾರಿಗಳಲ್ಲಿ ಯಾರು ಮೇಲು ಎಂಬ ಚರ್ಚೆ ಎದ್ದಾಗಲೆಲ್ಲ ಮೈಕಟ್ಟು, ಮುಖಲಕ್ಷಣ, ಗ್ರಾಫಿಕ್ಸ್‌ಗಳ ಮಾತೇ ಹೆಚ್ಚು. ಆದರೆ ಹಾರಿಸುವುದು ತಂತ್ರಜ್ಞರ ಕೆಲಸ. ನಟನ ಪಾಲಿಗೆ ಉಳಿಯುವುದು ಸೂಪರ್‌ಮ್ಯಾನ್‌ನ ಮಾರುವೇಷವಾದ ಪತ್ರಕರ್ತ ಕ್ಲಾರ್ಕ್ ಕೆಂಟ್. ಹಾಗೆ ನೋಡಿದರೆ ಕ್ರಿಸ್ಟೋಫರ್ ರೀವ್ ಅವರನ್ನು ಇನ್ನೂ ಯಾರೂ ಮೀರಿಸಿಲ್ಲ. 1978ರ ಚಿತ್ರದಲ್ಲಿ ಸಹೋದ್ಯೋಗಿ ಪತ್ರಕರ್ತೆ ಲೋಯಿಸ್ ಮನೆಯ ದೃಶ್ಯವನ್ನೇ ಗಮನಿಸಿ. ಅವಳು ಒಳಕೋಣೆಯಲ್ಲಿದ್ದಾಗ ಕ್ಲಾರ್ಕ್ ಕನ್ನಡಕ ತೆಗೆಯುತ್ತಾನೆ. ಬಾಗಿದ್ದ ಬೆನ್ನು ನೆಟ್ಟಗಾಗುತ್ತದೆ, ದನಿ ಗಟ್ಟಿಯಾಗುತ್ತದೆ. ನಿಜ ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಧೈರ್ಯ ಸಾಲದೆ ಕನ್ನಡಕ ಮತ್ತೆ ಮೂಗಿಗೇರುತ್ತದೆ, ಮೈ ಕುಗ್ಗುತ್ತದೆ. ಬರೀ ಕನ್ನಡಕ ಹಾಕಿಕೊಂಡರೆ ಗುರುತು ಸಿಗುವುದಿಲ್ಲವೇ ಎಂದು ನಗುವವರಿಗೆ ಉತ್ತರ ಅಲ್ಲೇ ಇದೆ.

ಈ ಅಳತೆ ಹೆನ್ರಿ ಕ್ಯಾವಿಲ್‌ಗೆ ಅನ್ಯಾಯ ಮಾಡುತ್ತದೆ ಎನ್ನಬಹುದು. ನಿಜ, 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಅವರ ಕ್ಲಾರ್ಕ್ ಪತ್ರಿಕಾ ಕಚೇರಿಗೆ ಕಾಲಿಡುವುದೇ ಕಟ್ಟಕಡೆಗೆ. ಕೊಡದ ಅವಕಾಶಕ್ಕೆ ನಟನನ್ನು ದೂರುವಂತಿಲ್ಲ, ಆ ತಪ್ಪು ಚಿತ್ರಕಥೆಯದು. ಹಾಗೆಂದು ತೆರೆಯ ಮೇಲೆ ಕಾಣದ ಅಭಿನಯಕ್ಕೆ ಅಂಕ ಕೊಡುವುದಾದರೂ ಹೇಗೆ? 2006ರ ಚಿತ್ರದಲ್ಲಿ ಬ್ರ್ಯಾಂಡನ್ ರೌತ್ ರೀವ್ ಅವರ ನೆರಳಿನಲ್ಲೇ ನಡೆದರು; ಪಾಪ, ಆ ಚಿತ್ರ ಅವರಿಂದ ಕೇಳಿದ್ದೂ ಅದನ್ನೇ. ಬೇರೆ ದಾರಿ ಹಿಡಿದವರು ಡೇವಿಡ್ ಕೊರೆನ್‌ಸ್ವೆಟ್. 2025ರ ಚಿತ್ರದಲ್ಲಿ ಸೂಪರ್‌ಮ್ಯಾನ್ ಆಗಿ ಲೋಯಿಸ್‌ಗೆ ಸಂದರ್ಶನ ಕೊಡಲು ಕೂತವನು, ಪ್ರಶ್ನೆಗಳು ಮೊನಚಾಗುತ್ತಿದ್ದಂತೆ ಥೇಟ್ ಮನೆಯ ಜಗಳದ ಧಾಟಿಯಲ್ಲಿ ಸಿಡುಕುತ್ತಾನೆ. ರೀವ್ ಎರಡು ಮೈಗಳನ್ನು ಬೇರ್ಪಡಿಸಿ ತೋರಿದರೆ, ಇವರು ಎರಡನ್ನೂ ಬೆರೆಸಿಬಿಡುತ್ತಾರೆ. ಸರಿಸಾಟಿ ಎನ್ನಲಾರೆ, ಆದರೆ ನಕಲಂತೂ ಅಲ್ಲ.