ಬಾಗಿಲಿಗೆ ಕೂತ ಬಾಡಿಗೆ ಸೈನ್ಯ: ಚನ್ನಪಟ್ಟಣದ ಹಳೇ ಲೆಕ್ಕ, ರಷ್ಯದ ಹೊಸ ಲೆಕ್ಕ

ಮೈಸೂರು ರಸ್ತೆಯ ಬಸ್ಸಿನಲ್ಲಿ ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರಿಗೆ ಹೋಗುವವರ ಕಣ್ಣಿಗೆ ಬೀಳುವುದು ರೇಷ್ಮೆ ಗೂಡಿನ ಮೂಟೆ, ಬಣ್ಣದ ಗೊಂಬೆ, ಕೊನೆಗೆ ಬಿಸಿ ವಡೆ. ಇದೇ ದಾರಿಯಲ್ಲಿ 1759ರಲ್ಲಿ ಮೈಸೂರು ಸೈನ್ಯ ಮತ್ತು ಮರಾಠಾ ಸೈನ್ಯ ಸುಮಾರು ಮೂರು ತಿಂಗಳು ಎದುರುಬದುರು ಬೀಡುಬಿಟ್ಟು ಕೂತಿದ್ದವು. ಆ ಯುದ್ಧಕ್ಕೆ ಸ್ವಲ್ಪ ಮೊದಲು, ಮತ್ತೆ ಆ ಯುದ್ಧ ಮುಗಿದ ಮೇಲೆ, ಮೈಸೂರಿನ ಸಿಪಾಯಿಗಳು ತಮ್ಮ ಯಜಮಾನರ ಮೇಲೇ ತಿರುಗಿಬಿದ್ದರು. ಕಾರಣ ಒಂದೇ: ಸಂಬಳ ಬಾಕಿ.

ಹಳೇ ಕಥೆ ಈಗ ಯಾಕೆ ಅಂದರೆ, 2023ರ ಜೂನ್ ತಿಂಗಳಲ್ಲಿ ರಷ್ಯದಲ್ಲಿ ನಡೆದದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದರು. ಉಕ್ರೇನಿನ ಮೇಲೆ ಯುದ್ಧ ನಡೆಯುತ್ತಿರುವಾಗಲೇ ವ್ಯಾಗ್ನರ್ ಎಂಬ ಖಾಸಗಿ ಸೈನ್ಯ ತನ್ನದೇ ದೇಶದ ಸೇನಾ ಮುಖ್ಯಸ್ಥರ ವಿರುದ್ಧ ಬಂದೂಕು ತಿರುಗಿಸಿತು. ಅದೆಲ್ಲೋ ದೂರದ ವಿಷಯ ಅಂತ ಸುಮ್ಮನಾಗುವ ಹಾಗಿರಲಿಲ್ಲ. ಮುಂದಿನ ವರ್ಷವೇ ಕಲಬುರಗಿ ಜಿಲ್ಲೆಯ ಹುಡುಗರು ಕೆಲಸದ ಆಸೆಗೆ ಹೋಗಿ ಅದೇ ಯುದ್ಧದಲ್ಲಿ ಸಿಕ್ಕಿಕೊಂಡಿದ್ದು ಗೊತ್ತಾಯಿತು.

ರಷ್ಯದಲ್ಲಿ ಆದದ್ದೇನು?

ವ್ಯಾಗ್ನರ್ ಪಡೆಯ ಯಜಮಾನ ಯೆವ್ಗೆನಿ ಪ್ರಿಗೋಜಿನ್. ಹೋಟೆಲು, ಊಟದ ಕಂಟ್ರಾಕ್ಟು ನಡೆಸಿ ಮೇಲೆ ಬಂದ ಆಸಾಮಿ. ಜೈಲಿನಲ್ಲಿದ್ದ ಕೈದಿಗಳಿಗೆ "ಆರು ತಿಂಗಳು ಕಾದಾಡಿ, ಬದುಕಿದರೆ ಬಿಡುಗಡೆ" ಎಂದು ಆಸೆ ತೋರಿಸಿ ದಂಡು ಕಟ್ಟಿದ. 2023ರ ಮೇ ತಿಂಗಳಲ್ಲಿ ಬಾಖ್ಮುತ್ ಪಟ್ಟಣ ಹಿಡಿದದ್ದು ತಾನೇ ಎಂದು ಎದೆ ತಟ್ಟಿಕೊಂಡ. ಮದ್ದುಗುಂಡು ಕೊಡದೆ ತನ್ನ ಜನರನ್ನು ಸಾಯಿಸಿದರು ಎಂದು ರಕ್ಷಣಾ ಸಚಿವ ಶೋಯ್ಗು, ಸೇನಾ ಮುಖ್ಯಸ್ಥ ಗೆರಾಸಿಮೋವ್ ಇಬ್ಬರನ್ನೂ ಬಹಿರಂಗವಾಗಿ ಬೈದ. ಜುಲೈ 1ರೊಳಗೆ ಇಂಥ ಪಡೆಗಳೆಲ್ಲ ರಕ್ಷಣಾ ಇಲಾಖೆಯ ಕರಾರಿಗೆ ಸಹಿ ಹಾಕಬೇಕು ಎಂದು ಆಜ್ಞೆ ಬಂತು. ಸಹಿ ಹಾಕಿದರೆ ದಂಡು ಕೈತಪ್ಪುತ್ತದೆ. ಪ್ರಿಗೋಜಿನ್ ಒಪ್ಪಲಿಲ್ಲ.

ಜೂನ್ 24ರ ಬೆಳಗ್ಗೆ ಹೊತ್ತಿಗೆ ರೊಸ್ತೋವ್ ನಗರದ ಸೇನಾ ಕಚೇರಿ ಅವನ ಕೈಲಿತ್ತು. ಒಂದು ತುಕಡಿ ಮಾಸ್ಕೋ ಕಡೆಗೆ ಹೊರಟಿತು. ದಾರಿಯಲ್ಲಿ ರಷ್ಯದ್ದೇ ಹೆಲಿಕಾಪ್ಟರುಗಳನ್ನು ಹೊಡೆದುರುಳಿಸಿತು. ಮಾಸ್ಕೋ ಇನ್ನು 200 ಕಿಲೋಮೀಟರು, ಅಂದರೆ ಬೆಂಗಳೂರಿಗೂ ಚಿತ್ರದುರ್ಗಕ್ಕೂ ಇರುವಷ್ಟು ದೂರ ಇದೆ ಎನ್ನುವಾಗ ತಾನೇ ನಿಲ್ಲಿಸಿದ್ದಾಗಿ ಅವನು ಹೇಳಿಕೊಂಡ. ಬೆಲಾರೂಸಿನ ಅಧ್ಯಕ್ಷ ಲುಕಶೆಂಕೊ ಮಧ್ಯಸ್ಥಿಕೆಯಲ್ಲಿ ರಾಜಿ ಆಯಿತು. ಸರಿಯಾಗಿ ಎರಡು ತಿಂಗಳಿಗೆ, ಆಗಸ್ಟ್ 23ರಂದು, ಅವನಿದ್ದ ವಿಮಾನ ಬಿದ್ದು ಸತ್ತ.

ಈ ನಡುವೆ ಅಧ್ಯಕ್ಷ ಪುಟಿನ್ ಬಾಯಿಂದಲೇ ಒಂದು ಲೆಕ್ಕ ಹೊರಬಿತ್ತು. ಒಂದು ವರ್ಷದಲ್ಲಿ ವ್ಯಾಗ್ನರ್ ಸಂಬಳ, ಬಹುಮಾನಕ್ಕೆ ಸರಕಾರ 8,600 ಕೋಟಿ ರೂಬಲ್‌ಗೂ ಮಿಕ್ಕಿ ಕೊಟ್ಟಿತ್ತಂತೆ! ದುಡ್ಡು ಸರಕಾರದ್ದು, ದಂಡು ಪ್ರಿಗೋಜಿನ್‌ನದು. ಎಡವಟ್ಟು ಇರುವುದೇ ಇಲ್ಲಿ.

ಶ್ರೀರಂಗಪಟ್ಟಣದ ಧರಣಿ

ಈಗ 265 ವರ್ಷ ಹಿಂದಕ್ಕೆ ಬರೋಣ. ಮೈಸೂರಿನಲ್ಲಿ ಹೆಸರಿಗೆ ಅರಸರು ಇಮ್ಮಡಿ ಕೃಷ್ಣರಾಜ ಒಡೆಯರು. ಅಧಿಕಾರವೆಲ್ಲ ದಳವಾಯಿ ದೇವರಾಜಯ್ಯ, ಅವನ ತಮ್ಮ ಸರ್ವಾಧಿಕಾರಿ ನಂಜರಾಜಯ್ಯನದು. ನಂಜರಾಜಯ್ಯ ತಿರುಚಿನಾಪಳ್ಳಿ ಆಸೆಗೆ ಬಿದ್ದು ವರ್ಷಗಟ್ಟಲೆ ದಂಡು ಸಾಕಿ, 1755ರಲ್ಲಿ ಬರಿಗೈಲಿ ವಾಪಸು ಬಂದ. ಅದೇ ವರ್ಷ ಹೈದರಾಬಾದಿನ ಸಲಾಬತ್ ಜಂಗ್ ಕಪ್ಪ ಕೇಳಿಕೊಂಡು ಬಂದ. 1757ರಲ್ಲಿ ಪೇಶ್ವೆ ಬಾಲಾಜಿರಾಯ ಬಂದು 32 ಲಕ್ಷ ರೂಪಾಯಿಗೆ ಪಟ್ಟು ಹಿಡಿದ. ಖಜಾನೆಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಇದ್ದ ನಗದು ಕೊಟ್ಟು, ಉಳಿದದ್ದಕ್ಕೆ ಸೀಮೆಗಳನ್ನೇ ಅಡವಿಟ್ಟರು.

ಸೀಮೆ ಅಡವಿಟ್ಟರೆ ಕಂದಾಯ ಇಲ್ಲ. ಕಂದಾಯ ಇಲ್ಲದಿದ್ದರೆ ಸಿಪಾಯಿಗೆ ಸಂಬಳ ಇಲ್ಲ. 1758ರಲ್ಲಿ ದಂಡಿನವರು ಬಂದು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕೂತರು.

ಧರಣಿ ಅಂದರೆ ಈಗಿನ ಹಾಗೆ ಪೆಂಡಾಲು ಹಾಕಿ, ಮೈಕು ಕಟ್ಟಿ, ಮಧ್ಯಾಹ್ನ ಪುಳಿಯೋಗರೆ ತಿಂದು, ಸಂಜೆ ತಹಸೀಲ್ದಾರರಿಗೆ ಮನವಿ ಕೊಟ್ಟು ಏಳುವುದಲ್ಲ. ಸಾಲ ಕೊಟ್ಟವನು ಸಾಲಗಾರನ ಬಾಗಿಲಲ್ಲಿ ಕೂತರೆ ಅವನೂ ಉಣ್ಣುವಂತಿಲ್ಲ, ಒಳಗಿದ್ದವನೂ ಉಣ್ಣುವಂತಿಲ್ಲ. ಬಾಕಿ ತೀರುವವರೆಗೆ ಮನೆಗೆ ನೀರು, ಅಕ್ಕಿ ಹೋಗುವುದೂ ಕಷ್ಟ. ಕೂತವರ ಸೊಂಟದಲ್ಲಿ ಕತ್ತಿ ಇದ್ದರೆ ಕೇಳಬೇಕೆ?

ಆಗ ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರಾಲಿಯೂ, ಲೆಕ್ಕಪತ್ರದಲ್ಲಿ ಪಳಗಿದ ಖಂಡೇರಾಯನೂ ಮುಂದೆ ಬಂದರು. ದಂಡಿನ ಲೆಕ್ಕ ತೆಗೆಸಿ, ಸುಳ್ಳು ಬಾಕಿ ಹೊಡೆದುಹಾಕಿ, ನಿಜವಾದ ಬಾಕಿಗೆ ಸರಕಾರದ ಆನೆ, ಕುದುರೆಯವರೆಗೆ ಹಂಚಿ ಧರಣಿ ಎಬ್ಬಿಸಿದರು. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಬಾಕಿ ಸಿಕ್ಕಿತು. ಆದರೆ ಮುಂದಾಳುಗಳಿಗೆ ಕ್ಷಮೆ ಸಿಗಲಿಲ್ಲ. ಹೈದರನ ಎದುರಾಳಿಯಾಗಿದ್ದ ಸರದಾರ ಹರಿಸಿಂಗ್ ದೂರದ ಕೊಯಮತ್ತೂರು ಸೀಮೆಯಲ್ಲಿ ರಾತ್ರಿ ದಾಳಿಗೆ ಸಿಕ್ಕಿ ಹತನಾದ.

ಚನ್ನಪಟ್ಟಣದ ಕೋಟೆ ಗೋಡೆ

ಅಡವಿಟ್ಟ ಸೀಮೆಯಿಂದ ಮರಾಠರ ಅಧಿಕಾರಿಗಳನ್ನು ಮೈಸೂರಿನವರು ಓಡಿಸಿದ್ದರು. ಕೇಳಲು 1759ರಲ್ಲಿ ಗೋಪಾಲರಾವ್ ಹರಿ ದೊಡ್ಡ ಕುದುರೆ ದಂಡು ತಂದ. ಬೆಂಗಳೂರಿಗೆ ಮುತ್ತಿಗೆ ಹಾಕಿ, ಚನ್ನಪಟ್ಟಣವನ್ನು ವಶ ಮಾಡಿಕೊಂಡ. ಶ್ರೀರಂಗಪಟ್ಟಣದಲ್ಲಿ ಸೇನಾಪತಿ ಪಟ್ಟ ಹೈದರನಿಗೆ ಬಂತು. ಹಳೇ ಮನೆತನದ ಸರದಾರರು ಮುಖ ತಿರುಗಿಸಿದರು. "ನಿನ್ನೆ ಮೊನ್ನೆ ಮೇಲೆ ಬಂದವನ ಕೈಕೆಳಗೆ ನಾವು ಕಾದಾಡುವುದೆ?" ಎಂಬ ಧಾಟಿ. ಶತ್ರು ಬಾಗಿಲಲ್ಲಿದ್ದಾಗಲೇ ಮನೆಯೊಳಗೆ ಅಸಹಕಾರ.

ಹೈದರ್ ಅವರನ್ನು ಕಾಯಲಿಲ್ಲ. ತನ್ನ ನಂಬಿಕೆಯ ಲುತ್ಫ್ ಅಲಿ ಬೇಗನನ್ನು ಮದ್ದೂರಿನಲ್ಲಿ ಇಟ್ಟಿದ್ದ. ಅವನು ಏಣಿ ಹಾಕಿ ಗೋಡೆ ಹತ್ತಿ ಚನ್ನಪಟ್ಟಣವನ್ನು ವಾಪಸು ಹಿಡಿದ. ಗೋಪಾಲರಾವ್ ಬೆಂಗಳೂರನ್ನು ಬಿಟ್ಟು ಇತ್ತ ಬಂದ. ಸುತ್ತಮುತ್ತ ಮೂರು ತಿಂಗಳು ಚಕಮಕಿ ನಡೆದು, ಕೊನೆಗೆ ಮತ್ತೆ 32 ಲಕ್ಷಕ್ಕೆ ಒಪ್ಪಂದ ಆಯಿತು. ಅರ್ಧ ನಗದು, ಉಳಿದರ್ಧಕ್ಕೆ ಹೈದರನ ಮಾತಿನ ಮೇಲೆ ಸಾಹುಕಾರರು ಜಾಮೀನು ನಿಂತರು. ಅಡವಿಟ್ಟ ಸೀಮೆಯೂ ಬಿಡುಗಡೆ ಆಯಿತು. ಹೈದರನಿಗೆ ಫತೇ ಹೈದರ್ ಬಹದ್ದೂರ್ ಎಂಬ ಬಿರುದು ಬಂತು.

ಯುದ್ಧ ಗೆದ್ದರೂ ದುಡ್ಡೆಲ್ಲ ಮರಾಠರ ಪಾಲು. ಸಿಪಾಯಿಗಳ ಸಂಬಳ ಮತ್ತೆ ನಿಂತಿತು. ಈ ಸಲ ಧರಣಿ ಹೈದರನ ಬಾಗಿಲಿಗೇ ಬಂತು. ಅವನು ಮಾಡಿದ ಉಪಾಯ ನೋಡಿ: "ಕಂದಾಯ ನನ್ನ ಕೈಲಿಲ್ಲ, ಇರುವವರ ಹತ್ತಿರ ಹೋಗೋಣ" ಎನ್ನುವ ಹಾಗೆ ಸಿಪಾಯಿಗಳ ಜತೆ ತಾನೂ ಹೋಗಿ ನಂಜರಾಜಯ್ಯನ ಬಾಗಿಲಲ್ಲಿ ಕೂತ. ನಂಜರಾಜಯ್ಯ ಜಹಗೀರಿಗೆ ಒಪ್ಪಿ ಅಧಿಕಾರ ಬಿಟ್ಟ. ಸಂಬಳ ಕೊಡುವ ಹೊಣೆಯ ಜತೆ ಇನ್ನಷ್ಟು ಸೀಮೆಗಳ ಕಂದಾಯ ಹೈದರನ ಕೈಗೆ ಬಂತು. 1760ರಲ್ಲಿ ಖಂಡೇರಾಯನೇ ತಿರುಗಿಬಿದ್ದು ಹೈದರನನ್ನು ಓಡಿಸಿದಾಗ, ಕೈ ಹಿಡಿದವರಲ್ಲಿ ಸಾಲ ಕೊಟ್ಟ ಬೆಂಗಳೂರಿನ ಸಾಹುಕಾರರೂ ಇದ್ದರು. ಮರುವರ್ಷ ಮೈಸೂರು ಪೂರ್ತಿ ಅವನದಾಯಿತು.

ಕ್ಲೋಸ್‌ಪೇಟೆಯ ದೊರೆಯ ಪಾಡು

ಬಡ ಸಿಪಾಯಿ ಮಾತ್ರ ದಂಗೆ ಏಳುತ್ತಾನೆ ಅಂದುಕೊಂಡರೆ ತಪ್ಪು. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದು ಹೆಸರು ಬಂದದ್ದು ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದ. 1809ರಲ್ಲಿ ಕಂಪನಿಯ ಮದರಾಸು ಸೈನ್ಯದ ಬಿಳಿ ಅಧಿಕಾರಿಗಳೇ ತಮ್ಮ ಗವರ್ನರ್ ಬಾರ್ಲೋ ವಿರುದ್ಧ ದಂಗೆ ಎದ್ದರು. ಒಂದು ಮುಖ್ಯ ಸಿಟ್ಟು, ಸಿಪಾಯಿಗಳ ಗುಡಾರದ ಗುತ್ತಿಗೆಯಿಂದ ಅಧಿಕಾರಿಗಳಿಗೆ ಸಿಗುತ್ತಿದ್ದ ಮೇಲ್ಪಾವತಿ ನಿಂತುಹೋದದ್ದು! ಶ್ರೀರಂಗಪಟ್ಟಣದ ಕೋಟೆ ಬಾಗಿಲು ಹಾಕಿಕೊಂಡು ಖಜಾನೆ ಹಿಡಿದರು. ಹೈದರಾಬಾದಿನ ಅಧಿಕಾರಿಗಳನ್ನು ದಾರಿಗೆ ತರಲು ಬ್ಯಾರಿ ಕ್ಲೋಸ್‌ನನ್ನೇ ಕಳಿಸಿದರು. ಅವನ ಮಾತಿಗೂ ಅವರು ಜಗ್ಗಲಿಲ್ಲ. ಚಿತ್ರದುರ್ಗದಿಂದ ಶ್ರೀರಂಗಪಟ್ಟಣಕ್ಕೆ ಹೊರಟಿದ್ದ ಎರಡು ಪಡೆಗಳ ಮೇಲೆ ಪೂರ್ಣಯ್ಯನವರ ಮೈಸೂರು ಸವಾರರೂ ಇಂಗ್ಲಿಷ್ ದಂಡೂ ಬಿದ್ದವು. ಜಗಳ ಅಧಿಕಾರಿಗಳದು, ಸತ್ತವರು ಅವರ ಹಿಂದೆ ನಡೆದ ಸಿಪಾಯಿಗಳು.

ಲೆಕ್ಕ ಹೇಳುವುದೇನು?

ಮೂರೂ ಪ್ರಸಂಗ ಒಂದೇ ಅಲ್ಲ. 1758ರಲ್ಲಿ ಹಸಿವು, 1809ರಲ್ಲಿ ಮೇಲ್ಪಾವತಿ, 2023ರಲ್ಲಿ ಯಜಮಾನಿಕೆ. ವ್ಯಾಗ್ನರಿನವರಿಗೆ ಸಂಬಳ ಬಂದೇ ಇತ್ತು. ಆದರೆ ಒಳಗಿನ ಗಂಟು ಒಂದೇ. ಖಜಾನೆಗೂ ಸಿಪಾಯಿಗೂ ನಡುವೆ ಒಬ್ಬ ದಲ್ಲಾಳಿ ನಿಂತರೆ, ಸಿಪಾಯಿ ನೋಡುವುದು ದಲ್ಲಾಳಿ ಮುಖವನ್ನು, ಖಜಾನೆಯನ್ನಲ್ಲ. ಅಂಗಡಿ ಇಟ್ಟವರಿಗೆ ಇದು ಗೊತ್ತಿರುವ ಮಾತೇ. ಗಲ್ಲಾಪೆಟ್ಟಿಗೆ ಬೀಗ ಯಾರ ಕೈಲೋ ಆಳುಗಳು ಅವನ ಮಾತು ಕೇಳುತ್ತಾರೆ.

ದಂಗೆ ಯುದ್ಧಕಾಲದಲ್ಲೇ ಏಳುವುದಕ್ಕೂ ಕಾರಣ ಇದೆ. ಶಾಂತಿ ಕಾಲದಲ್ಲಿ ಬಾಡಿಗೆ ದಂಡನ್ನು ಮನೆಗೆ ಕಳಿಸಬಹುದು. ಶತ್ರು ಎದುರಿಗಿದ್ದಾಗ ಕಳಿಸುವ ಹಾಗಿಲ್ಲ, ಬೆಲೆ ಏರುತ್ತದೆ. ರಾಜಿ ಆದ ಮೇಲೆ ಮಾತ್ರ ಆ ಬೆಲೆ ಇಳಿಯುತ್ತದೆ. ಹರಿಸಿಂಗ್ ರಾತ್ರಿ ದಾಳಿಯಲ್ಲಿ ಹೋದ, ಪ್ರಿಗೋಜಿನ್ ವಿಮಾನದಲ್ಲಿ ಹೋದ.

ಇದರ ಖರ್ಚು ಕಟ್ಟಿದವರು ಊರಿನವರು. 32 ಲಕ್ಷ ಎಂದು ದರ್ಬಾರಿನಲ್ಲಿ ಬರೆದದ್ದು ವಸೂಲಾದದ್ದು ಹೊಲದಿಂದ, ಸಂತೆಯಿಂದ. 1791ರಲ್ಲಿ ಕಾರ್ನ್‌ವಾಲಿಸ್ ಬಂದಾಗ ಕಂಕಾನಹಳ್ಳಿಯನ್ನು, ಅಂದರೆ ಈಗಿನ ಕನಕಪುರವನ್ನು, ಶತ್ರುವಿಗೆ ದಕ್ಕದಿರಲೆಂದು ಟಿಪ್ಪುವಿನ ಕಡೆಯವರೇ ಹಾಳುಗೆಡವಿದರು. ಅದೇ ಡಿಸೆಂಬರಿನಲ್ಲಿ ಮಾಗಡಿ ಸೀಮೆಯ ಸಾವನದುರ್ಗವೂ ಬಿತ್ತು. ಯಾವ ದಂಡು ಗೆದ್ದರೂ ರಾಗಿ ಕಣಜ ಬರಿದಾಗುವುದು ತಪ್ಪಲಿಲ್ಲ.

ಈಗಿನ ಬಾಗಿಲು

ಈಗ ಜಮಾದಾರ ಊರೂರು ಸುತ್ತಿ ಆಳು ಹಿಡಿಯುವುದಿಲ್ಲ. ಮೊಬೈಲಿನಲ್ಲಿ ವೀಡಿಯೋ ಬರುತ್ತದೆ. ರಷ್ಯದಲ್ಲಿ ಸೆಕ್ಯೂರಿಟಿ ಕೆಲಸ, ಹೆಲ್ಪರ್ ಕೆಲಸ, ಕೈತುಂಬ ಸಂಬಳ. ಕಲಬುರಗಿಯ ಹುಡುಗರು ಹೋದದ್ದು ಹೀಗೆ. ಅವರು ವ್ಯಾಗ್ನರಿಗೆ ಸೇರಿದವರಲ್ಲ, ರಷ್ಯ ಸೈನ್ಯದ ಕೆಲಸಕ್ಕೇ ಹೋದರು. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ, ನಾಲ್ಕು ದಿನದ ತರಬೇತಿ, ಆಮೇಲೆ ಗುಂಡಿನ ಎದುರು ಎಂಬುದು ಇಂಥವರು ಹೇಳಿದ ಗೋಳು. 2024ರ ಮಾರ್ಚಿನಲ್ಲಿ ಸಿ.ಬಿ.ಐ. ಏಜೆಂಟರ ಮೇಲೆ ಕೇಸು ಹಾಕಿತು. ಜುಲೈನಲ್ಲಿ ಪ್ರಧಾನಿ ಮೋದಿ ಮಾಸ್ಕೋದಲ್ಲಿ ಮಾತೆತ್ತಿದರು. ಸೆಪ್ಟೆಂಬರಿನಲ್ಲಿ ಕಲಬುರಗಿಯವರು ಮನೆ ಸೇರಿದರು. ಎಲ್ಲರಿಗೂ ಆ ಪುಣ್ಯ ಇರಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಕೊಟ್ಟ ಲೆಕ್ಕದಲ್ಲಿ ಇಂಥ 126 ಭಾರತೀಯರಲ್ಲಿ ವಾಪಸು ಬಂದವರು 96, ಸತ್ತವರು 12, ಪತ್ತೆ ಇಲ್ಲದವರು 16.

ಹೊರದೇಶಕ್ಕೆ ಆಳು ಕಳಿಸುವ ಏಜೆಂಟ್ 1983ರ ವಲಸೆ ಕಾಯಿದೆ ಪ್ರಕಾರ ನೋಂದಾಯಿಸಿಕೊಂಡಿರಬೇಕು. ಮನೆ ಹುಡುಗ ಪಾಸ್‌ಪೋರ್ಟ್ ಹಿಡಿದು ಹೊರಟಾಗ ಎರಡು ಪ್ರಶ್ನೆ ಕೇಳಬೇಕು. ಏಜೆಂಟನ ನೋಂದಣಿ ನಂಬರು ಎಲ್ಲಿ? ಕರಾರು ಓದಿ ಹೇಳಿದವರು ಯಾರು?

ಶ್ರೀರಂಗಪಟ್ಟಣದ ಸಿಪಾಯಿಗೆ ಸಂಬಳ ನಿಂತಾಗ ಹೋಗಿ ಕೂರಲು ಒಂದು ಬಾಗಿಲಾದರೂ ಇತ್ತು. ಅರಿಯದ ದೇಶದ ಹಳ್ಳದಲ್ಲಿ ಮಲಗಿದ ಹುಡುಗ ಯಾರ ಬಾಗಿಲಿಗೆ ಹೋಗಿ ಕೂರಬೇಕು?